ಗದ್ದೆ ಇಲಿಯ ಕಿವಿ ನರ ಕೊನೆಗೂ ಸ್ಲೈಡಿಗೆ ಬಂತು

"ಇದು ದಾವಣಗೆರೆಯಲ್ಲಿ ಆಗೋ ಕೆಲಸ ಅಲ್ಲ, ಬೆಂಗಳೂರಿಗೆ ಕಳಿಸ್ರಿ" ಅಂತ ಮೂರು ವರ್ಷ ಕೇಳಿಸಿಕೊಂಡೆ. ಈಗ ನನ್ನ ಮೇಜಿನ ಮೇಲೆ 11 ಸ್ಲೈಡ್ ಇವೆ. ದನಿ ಹಿಡಿಯುವ ಹೇರ್ ಸೆಲ್‌ಗಳಲ್ಲಿ ಒಳಗಿನವು ಒಂದು ಸಾಲು, ಹೊರಗಿನವು ಮೂರು ಸಾಲು, ಅಲ್ಲಿಂದ ಸ್ಪೈರಲ್ ಗ್ಯಾಂಗ್ಲಿಯನ್ (ಕಿವಿ ನರಕೋಶಗಳ ಗುಂಪು) ತನಕ ನರದ ಎಳೆಗಳು. ನಂಬದವರು ಬಂದು ನೋಡಿ, ಟೀ ನನ್ನದೇ.

ಪ್ರಾಣಿ ನಮ್ಮ ಬದುಗಳಲ್ಲಿ ಬಿಲ ತೋಡುವ ಗದ್ದೆ ಇಲಿ, ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಮಲೇಬೆನ್ನೂರು ಕಡೆ ಭದ್ರಾ ಕಾಲುವೆಯ ಗದ್ದೆಗಳಲ್ಲಿ ಹೇಗೂ ಹಿಡಿದು ಕೊಲ್ಲುತ್ತಾರೆ, ತಲೆಗೆ ಮೂವತ್ತೋ ನಲವತ್ತೋ ಕೊಟ್ಟೆ. ಮೊದಲ ವರ್ಷ ಇಲಿ ಹಿಡಿಯುವವರು ಬೆಳಿಗ್ಗೆ ಚೀಲದಲ್ಲಿ ತರುತ್ತಿದ್ದರು, ನಾನು ಕ್ಲಾಸ್ ಮುಗಿಸಿ ಮಧ್ಯಾಹ್ನ ಕಿವಿ ಬಿಚ್ಚುತ್ತಿದ್ದೆ. ಹದಿನಾಲ್ಕು ಇಲಿ ಹಾಳು. ಹೇರ್ ಸೆಲ್‌ಗಳು ಕೂರುವ ಕಾರ್ಟಿ ಅಂಗ ದೋಸೆ ಮೇಲಿನ ಬೆಣ್ಣೆ ಥರ ಕರಗಿರುತ್ತಿತ್ತು. ನಾನು ಪೆದ್ದ, ಸ್ಟೇನ್ (ಬಣ್ಣ) ಸರಿಯಿಲ್ಲ ಅಂತ ನರಕ್ಕೆ ಬಣ್ಣ ಹಾಕುವ ಸಿಲ್ವರ್ ನೈಟ್ರೇಟ್ ಎರಡು ಸಲ ತರಿಸಿದೆ. ಸುಮಾರು ಆರು ಸಾವಿರ ಹೋಯಿತು.

ತಪ್ಪು ಬಣ್ಣದ್ದಲ್ಲ, ತಡದ್ದು ಅಂತ ಆಮೇಲೆ ಹೊಳೆಯಿತು. ಡಬ್ಬಿ ಹಿಡಿದು ನಾನೇ ಬದುವಿನ ಮೇಲೆ ಕೂತೆ. ಇಲಿ ಸತ್ತ ನಾಲ್ಕೈದು ನಿಮಿಷದಲ್ಲಿ ಬುಲ್ಲಾ (ಮಧ್ಯ ಕಿವಿಯ ಮೂಳೆ ಗುಳ್ಳೆ) ಒಡೆದು, ಒಳಕಿವಿಯ ಎರಡೂ ಕಿಟಕಿ (ಸಣ್ಣ ತೂತು) ಚುಚ್ಚಿ, ಫಿಕ್ಸೇಟಿವ್ (ಅಂಗಾಂಶ ಕೆಡದಂತೆ ಹಿಡಿಯುವ ದ್ರಾವಣ) ಮೆಲ್ಲಗೆ ಒಳಗೆ ಬಿಡಬೇಕು. ಒಳಕಿವಿಯ ಸುರುಳಿ (ಕಾಕ್ಲಿಯಾ) ಹರಿಯದ ಹಾಗೆ ಸೂಜಿಯ ತುದಿ ಹೇಗೆ ತಿದ್ದಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಒಂದು ಬೇಸಿಗೆ ಹೋಗಿದೆ.

ತೆಳ್ಳಗೆ ಕತ್ತರಿಸಲು ಮೂಳೆ ಮೆತ್ತಗೆ ಮಾಡುವಾಗ ಇನ್ನೊಂದು ಪೆಟ್ಟು. ಅವಸರಕ್ಕೆ ನೈಟ್ರಿಕ್ ಆಸಿಡ್ ಹಾಕಿದೆ, ಎರಡೇ ದಿನಕ್ಕೆ ಮೆತ್ತಗಾಯಿತು, ಆದರೆ ನರ ಬಣ್ಣವನ್ನೇ ಹಿಡಿಯಲಿಲ್ಲ. ಈಗ ಮೂಳೆಯ ಸುಣ್ಣವನ್ನು ಮೆಲ್ಲಗೆ ಎಳೆಯುವ ಇಡಿಟಿಎ 10%, ಪಿಎಚ್ 7.4, ದಿನ ಬಿಟ್ಟು ದಿನ ಬದಲಾಯಿಸಿ ಹದಿನೆಂಟು ದಿನ. (ಮೊದಲ ಸಲ ಇಡಿಟಿಎ ಕರಗಲು ಬೇಕಾದ ಸೋಡಿಯಂ ಹೈಡ್ರಾಕ್ಸೈಡ್ ಹಾಕದೆ ಒಂದು ಗಂಟೆ ಸುಮ್ನೆ ಕಲಕಿದ್ದೆ, ಯಾರಿಗೂ ಹೇಳಬೇಡಿ.) ಮಯಲಿನ್ (ನರದ ಎಳೆಯ ಕೊಬ್ಬಿನ ಹೊದಿಕೆ) ಕಾಣಲು ಅದನ್ನು ಕಪ್ಪಾಗಿಸುವ ಆಸ್ಮಿಯಂ ಟೆಟ್ರಾಕ್ಸೈಡ್ ಬೇಕು, ನಾನು ತರಿಸಿದಾಗ ಒಂದು ಗ್ರಾಂಗೆ ಒಂಬತ್ತು ಸಾವಿರದ ಹತ್ತಿರ ಇತ್ತು, ನನ್ನ ಜೇಬಿನಿಂದ. ಮೊದಲ ಆಂಪೂಲ್ ಸರಿಯಾಗಿ ತೊಳೆಯದ ಬಾಟಲಿಗೆ ಸುರಿದೆ, ರಾತ್ರಿ ಕಳೆಯುವುದರೊಳಗೆ ಕಪ್ಪಾಯಿತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಮಧ್ಯೆ ಒಂದು ಹುಚ್ಚು ಹಿಡಿಯಿತು, ಬಿಲದೊಳಗೆ ಯಾವ ದನಿ ಸಾಗುತ್ತದೆ ನೋಡೋಣ ಅಂತ. ಖಾಲಿ ಬಿಲದ ಒಂದು ಬಾಯಿಗೆ ಮೊಬೈಲ್ ಸ್ಪೀಕರ್, ಎರಡು ಮೀಟರ್ ಆಚೆಯ ಬಾಯಿಗೆ ಮೈಕ್ ಇಟ್ಟೆ. 400 ಹರ್ಟ್ಸ್‌ನ ದಪ್ಪ ದನಿ ಸಲೀಸಾಗಿ ದಾಟಿತು, 8 ಕಿಲೋಹರ್ಟ್ಸ್‌ನ ಕೀರಲು ದನಿ ಮಣ್ಣಿನಲ್ಲೇ ಸತ್ತುಹೋಯಿತು. ನೆಲದಡಿಯೇ ಬದುಕುವ ಜಾಂಬಿಯಾದ ಮೋಲ್ ರ‍್ಯಾಟ್‌ಗಳ ಬಿಲದಲ್ಲೂ ಹೀಗೆಯೇ ಅಳೆದಿದ್ದಾರೆ. ಅಲ್ಲಿ 200ರಿಂದ 800 ಹರ್ಟ್ಸ್ ಚೆನ್ನಾಗಿ ಸಾಗುತ್ತದೆ. ಆ ಪ್ರಾಣಿಯ ಕಾಕ್ಲಿಯಾದಲ್ಲೂ ಒಂದು ಕಿಲೋಹರ್ಟ್ಸ್ ಆಸುಪಾಸಿಗೇ ಜಾಸ್ತಿ ಜಾಗ. ಇಸ್ರೇಲ್ ಕಡೆಯ ಕುರುಡು ಮೋಲ್ ರ‍್ಯಾಟ್‌ಗೆ ಸುಮಾರು 6 ಕಿಲೋಹರ್ಟ್ಸ್ ಮೇಲೆ ಕೇಳುವುದೇ ಇಲ್ಲ. ಹಾಗಂತ ನಮ್ಮದನ್ನೂ ಅದೇ ಗುಂಪಿಗೆ ಸೇರಿಸಬೇಡಿ. ಇದು ರಾತ್ರಿ ಹೊರಗೆ ಬಂದು ತೆನೆ ಕತ್ತರಿಸುವ ಪ್ರಾಣಿ, ಗೂಬೆ ಬಂದದ್ದೂ ಕೇಳಬೇಕಲ್ವಾ?

ಇನ್ನು ದಪ್ಪ ದನಿ ಕೇಳುವ ಸುರುಳಿಯ ತುದಿಯಲ್ಲೂ ಕೀರಲು ದನಿ ಕೇಳುವ ಬುಡದಲ್ಲೂ ನರದ ಎಳೆಗಳನ್ನು ಎಣಿಸಿ ಹೋಲಿಸಬೇಕು. ಅದಕ್ಕೆ ಇನ್ನೊಂದು ಗ್ರಾಂ ಆಸ್ಮಿಯಂ ಬೇಕು. ಬೇಸಿಗೆ ಬೆಳೆಯ ಕೊಯ್ಲು ಶುರುವಾದರೆ ಫೋನ್ ಮಾಡುತ್ತೇವೆ ಅಂದಿದ್ದಾರೆ ಇಲಿ ಹಿಡಿಯುವವರು. ಈ ಸಲ ತಲೆಗೆ ಐವತ್ತಂತೆ.