ಒಂಬತ್ತು ಗಿಟಾರ್, ಒಂದು ಗುಜರಿ ಬೀರು, ಮುಂಬೈ ಮಳೆಗಾಲ

ಮುಂಬೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೂಡಿಹಾಕುವ ಹುಚ್ಚು ಇರುವವರಿಗೆ ಜೂನ್ ಬಂತೆಂದರೆ ಸಂಕಟ. ಸೆಪ್ಟೆಂಬರ್ ಮುಗಿಯುವ ತನಕ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಮೇಲೆ ಹಸಿರು, ತಂತಿಗೆ ತುಕ್ಕು, ವಾಲ್ಯೂಮ್ ತಿರುಗಿಸಿದರೆ ಕರಕರ. ನಿಮಗೆ ಗೊತ್ತಿರೋದೇ. ಡೊಂಬಿವಲಿಯ ನನ್ನ ಒನ್ ಬಿಎಚ್‌ಕೆಯಲ್ಲಿ ಒಂಬತ್ತು ವಾದ್ಯಗಳು ಮಳೆಗಾಲ ದಾಟಿ ಒಂದು ಚುಕ್ಕೆ ತುಕ್ಕಿಲ್ಲದೆ ಹೊರಬಂದಿವೆ. ಈಗ ಏಸಿ ಬೇಕಿಲ್ಲ, ದುಬಾರಿ ಮೆಷಿನ್ ತಂದಿಲ್ಲ. ಹಳೇ ಸ್ಟೀಲ್ ಬೀರು, ಅಷ್ಟೇ.

ಬೀರುವಿನಲ್ಲಿ ಯಾರಿದ್ದಾರೆ ಹೇಳಿಬಿಡುತ್ತೇನೆ. ಬೇಸ್ (ತಗ್ಗು ಸ್ವರದ ಗಿಟಾರ್) ನಾಲ್ಕು: ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಜಾಝ್ ಬೇಸ್, ಐದು ತಂತಿಯ ಐಬನೇಜ್, ಬಾಡಿ ಒಂದು ಕಡೆ ನೆಕ್ ಒಂದು ಕಡೆ ಹುಡುಕಿ ಕೂಡಿಸಿದ ಪ್ರೆಸಿಷನ್, ಒಂದು ಫ್ರೆಟ್‌ಲೆಸ್. ಗಿಟಾರ್ ಐದು: ಸ್ಕ್ವಯರ್ ಸ್ಟ್ರ್ಯಾಟ್, ಎಪಿಫೋನ್ ಲೆಸ್ ಪಾಲ್, ಯಮಹಾ ಪ್ಯಾಸಿಫಿಕಾ, ನಾನೇ ಜೋಡಿಸಿದ ಟೆಲಿ, ಮತ್ತೆ ಕೋಲ್ಕತ್ತಾದ ಹಳೇ ಗಿವ್ಸನ್. ಗಿವ್ಸನ್ ನೋಡಿ ಎಲ್ಲರೂ ನಗುತ್ತಾರೆ. ಆರ್ಕೆಸ್ಟ್ರಾ ಬಿಟ್ಟ ಒಬ್ಬ ಹಿರಿಯರು ಸುಮ್ನೆ ಕೊಟ್ಟದ್ದು. ಅದರ ಪಿಕಪ್‌ನ (ತಂತಿಯ ಅಲುಗಾಟ ಹಿಡಿಯುವ ಅಯಸ್ಕಾಂತ) ಒರಟು ದನಿ ಬೇರೆ ಯಾವುದರಲ್ಲೂ ಸಿಗಲ್ಲ.

ಸ್ಟ್ರ್ಯಾಟ್‌ನ ಫಿಂಗರ್‌ಬೋರ್ಡ್, ಅಂದರೆ ಬೆರಳೊತ್ತುವ ಪಟ್ಟಿ, ಇಂಡಿಯನ್ ರೋಸ್‌ವುಡ್. ಅಂದರೆ ನಮ್ಮ ಘಟ್ಟದಲ್ಲೂ ಬೆಳೆಯುವ ಬೀಟೆ. ನಮ್ಮ ಬೀಟೆಗೆ ನಾವೇ ಕಸ್ಟಮ್ಸ್ ಡ್ಯೂಟಿ ಕಟ್ಟಿ ಗಿಟಾರ್ ತರಿಸಬೇಕು, ನೋಡಿ! 2017ರಲ್ಲಿ ಆ ಜಾತಿಯ ಮರಗಳಿಗೆಲ್ಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಡಿವಾಣ ಬಿದ್ದಾಗ ಮೆಕ್ಸಿಕೋದ ಫೆಂಡರ್‌ಗಳು ಪಾವ್ ಫೆರ್ರೋ ಅನ್ನುವ ಬೇರೆ ಮರಕ್ಕೆ ಹೊರಳಿದವು. ನನ್ನ ಜಾಝ್ ಬೇಸ್ ಆ ಕಾಲದ್ದು. ಮಾಡಿ ಮುಗಿಸಿದ ವಾದ್ಯಗಳಿಗೆ ಆ ಕಡಿವಾಣದಿಂದ 2019ರಲ್ಲಿ ವಿನಾಯಿತಿ ಸಿಕ್ಕಿತು.

ಈ ಬೀರುವಿಗೆ ಮುಂಚೆ ದುಡ್ಡು ಹೋದದ್ದು ಹೀಗೆ. ಮೊದಲು ಏಸಿ. ರಾತ್ರಿ ಹಾಕಿದರೆ ಗಾಳಿಯ ತೇವ ಶೇಕಡಾ 55, ಹಗಲು ಆರಿಸಿದರೆ 85. ದಿನಾ ಈ ಏರಿಳಿತಕ್ಕೆ ನೆಕ್‌ಗಳು ಒಂದೊಂದು ದಿಕ್ಕಿಗೆ ಬಾಗಿದವು. ಕರೆಂಟ್ ಬಿಲ್ ತಿಂಗಳಿಗೆ ಎರಡೂವರೆ ಸಾವಿರ ಜಾಸ್ತಿ ಬಂತು. ಆಮೇಲೆ ಮನೆಯಲ್ಲಿದ್ದ ಬೀರುವಿನ ತಳದಲ್ಲಿ 40 ವ್ಯಾಟ್ ಬಲ್ಬ್. ಅದು ಅತಿಯಾಯಿತು. ತೇವ ಅಳೆಯುವ ಮೀಟರ್ 35ಕ್ಕೆ ಇಳಿಯಿತು, ಮರ ಕುಗ್ಗಿ ಫ್ರೆಟ್‌ಗಳ ತುದಿ ಹೊರಬಂತು, ಟೆಲಿ ನುಡಿಸಿದರೆ ಅಂಗೈ ಗೀರುತ್ತಿತ್ತು. ಮೂರನೆಯದು ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ. ನೀರು ಚೆನ್ನಾಗಿ ಎಳೆಯುತ್ತೆ, ಆದರೆ ಆ ಉಪ್ಪುನೀರು ಒಂದು ದಿನ ಚೆಲ್ಲಿ ಪ್ರೆಸಿಷನ್‌ನ ಬ್ರಿಡ್ಜ್ (ತಂತಿ ಕೂರುವ ಲೋಹದ ಭಾಗ) ಸ್ಕ್ರೂಗಳನ್ನೇ ತಿಂದುಹಾಕಿತು. ಹೊಸ ಬ್ರಿಡ್ಜ್‌ಗೆ ಎರಡು ಸಾವಿರ.

ಗಾಳಿ ಒಳಗೆ ಬಾರದಂತೆ ಬೀರುವನ್ನೇ ಮುಚ್ಚುತ್ತೇನೆ ಅಂದಾಗ ನಮ್ಮ ಆರ್ಕೆಸ್ಟ್ರಾದ ಅಣ್ಣ ಬೈದರು. "ಮರಕ್ಕೆ ಉಸಿರು ಬೇಡವಾ ಮಾರಾಯ? ಗಣೇಶೋತ್ಸವದ ಪ್ರೋಗ್ರಾಮ್‌ಗೆ ಬೇಸ್ ಒಡೆದುಕೊಂಡು ಬರಬೇಡ." ಹೆಂಡತಿಯ ಪ್ರಶ್ನೆ ಬೇರೆ: "ಬಟ್ಟೆಗೆ ಜಾಗ ಇಲ್ಲ, ನಿಮ್ಮ ಗಿಟಾರಿಗೆ ಬೀರು ಬೇಕಾ?"

ಗುಜರಿಯವನು ಮೂರೂವರೆ ಸಾವಿರಕ್ಕೆ ಬೀರು ಕೊಟ್ಟ. ಒಳಗಿನ ಹಲಗೆಗಳನ್ನು ಕಿತ್ತೆ. ಬಟ್ಟೆ ನೇತುಹಾಕುವ ಸರಳು ಈ ಭಾರ ತಾಳಲ್ಲ, ಒಂದೊಂದೂ ಮೂರೂವರೆ ನಾಲ್ಕು ಕಿಲೋ. ಅರ್ಧ ಇಂಚಿನ ಜಿಐ ಪೈಪ್ ಹಾಕಿಸಿದೆ. ವಾದ್ಯಗಳು ಹ್ಯಾಂಗರ್‌ನ ಅಂಗಿಗಳಂತೆ ಅಡ್ಡಡ್ಡ ನೇತಾಡುತ್ತವೆ, ಒಂದಕ್ಕೆ ನಾಲ್ಕಿಂಚು ಜಾಗ. ಕೊಕ್ಕೆಗಳಿಗೆ ಹಳೇ ಪಂಚೆ ಸುತ್ತಿದ್ದೇನೆ. ರಬ್ಬರ್ ಮಾತ್ರ ಬೇಡ, ನೈಟ್ರೋ ಫಿನಿಶ್ (ನೈಟ್ರೋಸೆಲ್ಯುಲೋಸ್ ಮೆರುಗು) ಇದ್ದರೆ ಕರಗಿ ಅಂಟಿಕೊಳ್ಳುತ್ತೆ. ಬಾಗಿಲಿಗೆ ಫ್ರಿಜ್ ಗ್ಯಾಸ್ಕೆಟ್, ರಿಪೇರಿಯವನಿಂದ ಆರುನೂರಕ್ಕೆ. ಅದರೊಳಗಿನ ಅಯಸ್ಕಾಂತದ ಪಟ್ಟಿ ಸ್ಟೀಲಿಗೆ ಗಪ್ಪಂತ ಕಚ್ಚುತ್ತೆ.

ಒಳಗೆ ಐದು ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ (ತೇವ ಹೀರುವ ಮಣಿ), ಬಟ್ಟೆ ಚೀಲಗಳಲ್ಲಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆಮನೆಗೆ ತರಬೇಡಿ. ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೇ ಮಣಿಗಳು ತೇವ ತುಂಬಿ ಹಸಿರಾದವು. ಬೀರು ಸೋರುತ್ತಿದೆ ಅಂತ ಅಣ್ಣ ನಕ್ಕರು. ಸೋರುತ್ತಿರಲಿಲ್ಲ. ಮರದೊಳಗೇ ಕೂತ ತೇವ ಹೊರಬರುತ್ತಿತ್ತು. ಅದು ಮುಗಿದ ಮೇಲೆ ತಿಂಗಳಿಗೊಮ್ಮೆ ಓಟಿಜಿ ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ತಾಸು ಒಣಗಿಸಿದರೆ ಸಾಕಾಗುತ್ತಿದೆ. ಅದಕ್ಕಿಂತ ಕಾಯಿಸಿದರೆ ಬಣ್ಣ ಸಾಯುತ್ತೆ.

ಮೀಟರ್ ನಂಬಬೇಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಇನ್ನೂರೈವತ್ತಕ್ಕೆ ತಂದ ಎರಡು ಮೀಟರ್ ಒಂದೇ ಮೇಜಿನ ಮೇಲೆ 61, 70 ತೋರಿಸಿದವು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಟ್ಟಿ ಕೆಸರಿನಂತಾಗುವಷ್ಟೇ ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದೊಂದು 69 ಅಂದಿತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ "+6" ಬರೆದಿದ್ದೇನೆ. ಬೀರುವಿನೊಳಗೆ ಈಗ 48ರಿಂದ 52. ಇನ್ನೂ ಒಣಗಿಸುವ ಆಸೆ ಬೇಡ.

ಒಳಗೊಂದು ಕಂಪ್ಯೂಟರ್ ಫ್ಯಾನ್ ಕೂಡ ಇದೆ. ಎಲ್ಲಿ ಕೂರಿಸಿದ್ದೇನೆ, ಎಷ್ಟು ಹೊತ್ತು ಓಡಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ತುಂಬಾ ತಲೆ ಕೆಡಿಸಿಕೊಂಡಿದ್ದೇನೆ.

ನಡುವೆ ಹಳೇ ಬೇಸ್ ತಂತಿಗಳನ್ನು ಕುದಿಸಿಯೂ ನೋಡಿದೆ. ಲೇಪ ಕೊಟ್ಟ, ಐದು ತಂತಿಯ ಕೋಟೆಡ್ ಸೆಟ್‌ಗೆ ನಾಲ್ಕು ಸಾವಿರದ ಮೇಲೆ, ಏನು ಮಾಡೋದು? ಹತ್ತು ನಿಮಿಷ ಕುದಿಸಿದರೆ ಜೀವ ಬರುತ್ತೆ, ಎರಡು ಪ್ರೋಗ್ರಾಮ್‌ಗೆ ಮತ್ತೆ ಡಬ್ ಡಬ್. ಸ್ಪಿರಿಟ್‌ನಲ್ಲಿ ನೆನೆಸಿದ್ದು ಜಾಸ್ತಿ ದಿನ ಬಂತು. ಪ್ರೆಸಿಷನ್‌ನ ದನಿಗೆ ಮಾತ್ರ ಹಳೇ ತಂತಿಯೇ ಚೆನ್ನ.

ಜಾಝ್ ಬೇಸ್‌ಗೆ ಹಮ್ (ಗುಂಯ್ ಅನ್ನುವ ಸದ್ದು) ತಡೆಯಲು ತಾಮ್ರದ ಟೇಪ್ ಅಂಟಿಸಿ ಶೀಲ್ಡಿಂಗ್ ಮಾಡಿದ್ದರಿಂದ ಅಂಥ ಲಾಭವೇನೂ ಆಗಲಿಲ್ಲ. ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಹಮ್ ತಾನಾಗಿ ಸಾಯುತ್ತೆ, ಒಂದನ್ನು ಇಳಿಸಿದರೆ ಮೊದಲಿನ ಹಾಗೇ ಏಳುತ್ತೆ. ಹಳೇ ಹಾಲ್‌ಗಳ ಅರ್ತಿಂಗ್‌ಗೆ ಟೇಪ್ ಏನು ಮಾಡೀತು?

ಒಟ್ಟು ಖರ್ಚು ಸುಮಾರು ಎಂಟು ಸಾವಿರ. ಮೊದಲು ಪ್ರತಿ ಮಳೆಗಾಲ ಮುಗಿದ ಮೇಲೆ ನೆಕ್, ತಂತಿ ಸರಿಹೊಂದಿಸುವ ಸೆಟಪ್‌ಗೆ ವಾದ್ಯಕ್ಕೆ ಸಾವಿರದೈನೂರು ಕೊಡುತ್ತಿದ್ದೆ. ಕಳೆದ ಸಲ ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡುವ ಸರಳು) ಮುಟ್ಟಿದ್ದು ಗಿವ್ಸನ್‌ನದ್ದು ಮಾತ್ರ, ಅದೂ ಕಾಲು ಸುತ್ತು. ಬೈದ ಅಣ್ಣನಿಗೆ ಈಗ ಇಂಥದ್ದೇ ಒಂದು ಬೀರು ಬೇಕಂತೆ. ಹನ್ನೆರಡು ಸಾವಿರ ಹೇಳಿದ್ದೇನೆ, ಟೆಂಪೋ ಬಾಡಿಗೆ ಬೇರೆ.