ಒಕಿನಾವಾದ ‘ಬೀನ್’, ನಮ್ಮ ಧಾರವಾಡದ ‘ರೀ’

ಜಪಾನಿನ ದಕ್ಷಿಣ ತುದಿಯ ದ್ವೀಪಗಳಾದ ಒಕಿನಾವಾಕ್ಕೆ ಓದಲೋ ಸಂಶೋಧನೆಗೋ ಬಂದವರಿಗೆ ಬ್ಯಾಂಕು, ಬಸ್ಸು, ಆಸ್ಪತ್ರೆಯಲ್ಲಿ ಜಪಾನಿ ಸಾಕು. ಇಲ್ಲಿಯದೇ ಭಾಷೆಯಾದ ಉಚಿನಾಗುಚಿ ಬೇಕಾಗುವುದು ಓಣಿಯ ಹಿರಿಯರ ಮುಂದೆ, ಮೂರು ತಂತಿಯ ವಾದ್ಯ ಸನ್‌ಶಿನ್ ಕಲಿಯುವ ಮನೆಯಲ್ಲಿ. ಕೆಳಗಿನವು ನಾಹಾ–ಶುರಿ ಕಡೆಯ ರೂಪಗಳು. ಮಿಯಾಕೊ ದ್ವೀಪಕ್ಕೆ ಹೋದರೆ ಭಾಷೆಯೇ ಬೇರೆ.

ಕನ್ನಡಿಗರು ಎಡವುವುದು ಒಂದೇ ಜಾಗದಲ್ಲಿ. ‘ಬಂದರು’ ಎಂದಾಗ ನಾವು ಬಂದವರಿಗೆ ಮರ್ಯಾದೆ ಕೊಡುತ್ತೇವೆ. ‘ನಾನು ತಿನ್ನುತ್ತೇನೆ’ ಎನ್ನುವುದರಲ್ಲಿ ಮರ್ಯಾದೆಯ ಪ್ರಶ್ನೆಯೇ ಇಲ್ಲ. ಅದೇ ಅಭ್ಯಾಸದಲ್ಲಿ ಅಜ್ಜಿಯ ಮುಂದೆ ‘ಕಮುನ್’ (ತಿನ್ನುತ್ತೇನೆ) ಎಂದುಬಿಟ್ಟರೆ ಒರಟಾಗುತ್ತದೆ. ‘ಕಮಬೀನ್’ ಎನ್ನಬೇಕು. ಕೊನೆಗೆ ಬರುವ ಈ ‘ಬೀನ್’ ಗೌರವಿಸುವುದು ಕೇಳುವವರನ್ನು, ಥೇಟ್ ಹುಬ್ಬಳ್ಳಿ–ಧಾರವಾಡದ ‘ರೀ’ ಹಾಗೆ: ‘ನಾ ತಿಂತೀನ್ರಿ’. ಬೆಕ್ಕು ಬಂದದ್ದನ್ನು ಹಿರಿಯರಿಗೆ ಹೇಳುವಾಗಲೂ ‘ಮಯಾನು ಚಾಬಿತನ್’, ‘ಬೆಕ್ಕು ಬಂತ್ರಿ’. ಗೌರವ ಬೆಕ್ಕಿಗಲ್ಲ!

ಕಟ್ಟುವುದು ಸುಲಭ. ಕೊನೆಯ ‘ಉನ್’ ತೆಗೆದು ‘ಅಬೀನ್’ ಹಚ್ಚಿ: ಕಚುನ್ (ಬರೆ) ಕಚಬೀನ್ ಆಗುತ್ತದೆ, ಯುಮುನ್ (ಓದು) ಯುಮಬೀನ್. ಬಾಯಿಪಾಠ ಮಾಡಬೇಕಾದವು ಸುನ್ (ಮಾಡು) – ಸಬೀನ್, ಚೂನ್ (ಬಾ) – ಚಾಬೀನ್, ಯನ್ (ಆಗಿರು) – ಯೈಬೀನ್. ಗುಣವಾಚಕಕ್ಕೆ ‘ಐಬೀನ್’: ಮಾಸನ್ (ರುಚಿ) – ಮಾಸೈಬೀನ್. ಹಾಗಲಕಾಯಿಯ ಗೋಯಾ ಚಂಪೂರು ಬಡಿಸಿದವರಿಗೆ ಈ ಒಂದು ಮಾತು ಸಾಕು.

ನಿಷೇಧಕ್ಕೆ ‘ಅಬಿರನ್’. ಸಸ್ಯಾಹಾರಿಗಳು ಮೊದಲು ಕಲಿಯಬೇಕಾದ ವಾಕ್ಯ ‘ಶಿಶೇ ಕಮಬಿರನ್’, ಮಾಂಸ ತಿನ್ನಂಗಿಲ್ರಿ. ಇಷ್ಟು ಹೇಳಿದರೂ ಮೀನಿನ ಸಾರು ತಪ್ಪುವುದಿಲ್ಲ, ಅದನ್ನು ಬೇರೆಯಾಗಿಯೇ ಹೇಳಬೇಕು.

ಭೂತಕಾಲದಲ್ಲಿ ದೀರ್ಘ ಹ್ರಸ್ವವಾಗುತ್ತದೆ: ಕಮಬಿತನ್. ‘ತಿಂದೆ’ ಎಂಬುದಕ್ಕೆ ಬರಿಯ ರೂಪ ಕದನ್ ಎಂದು ಕಲಿತವರು ಅದಕ್ಕೇ ಬೀನ್ ಅಂಟಿಸಿ ‘ಕದಬೀನ್’ ಎನ್ನುತ್ತಾರೆ. ಅಂಥ ಮಾತೇ ಇಲ್ಲ. ಮೊದಲು ಮರ್ಯಾದೆ, ಆಮೇಲೆ ಕಾಲ.

ಪ್ರಶ್ನೆಯಲ್ಲಿ ಎರಡು ದಾರಿ. ಹೌದು–ಅಲ್ಲ ಎಂಬ ಉತ್ತರಕ್ಕೆ ‘ಮಿ’: ‘ಕುರೇ ಗೋಯಾ ಯೈಬೀಮಿ?’, ಇದು ಹಾಗಲಕಾಯೇನ್ರೀ? ವಾಕ್ಯದಲ್ಲಿ ಏನು, ಎಲ್ಲಿ ಇದ್ದರೆ ‘ಗ’: ‘ಕುರೇ ನೂ ಯೈಬೀಗ?’, ಇದು ಏನ್ರೀ? ಏನು–ಎಲ್ಲಿಗಳ ಜೊತೆ ‘ಮಿ’ ಹಾಕಿದರೆ, ಕನ್ನಡದಲ್ಲಿ ‘ಇದು ಏನಾ?’ ಎಂದಂತೆ ಕಿವಿಗೆ ಒಗ್ಗದು.

ಇನ್ನು ‘ಅಬಿರ’, ಅಂದರೆ ‘ಮಾಡೋಣ, ಮಾಡುತ್ತೇನೆ’ ಎಂಬ ಭಾವ. ಊಟಕ್ಕೆ ಮುಂಚೆ ‘ಕ್ವಚ್ಚೀ ಸಬಿರ’, ಮುಗಿದ ಮೇಲೆ ‘ಕ್ವಚ್ಚೀ ಸಬಿತನ್’. ಅದಲುಬದಲಾದರೆ ತಟ್ಟೆ ಮುಟ್ಟುವ ಮೊದಲೇ ಊಟ ಮುಗಿಸಿದ ಹಾಗೆ.

ಕೆಲಸ ಮಾಡುವವರೇ ಹಿರಿಯರಾದರೆ ಬೀನ್ ಒಂದೇ ಸಾಲದು, ಕ್ರಿಯಾಪದವೇ ಬದಲಾಗುತ್ತದೆ. ಅಜ್ಜ ಬಂದದ್ದು ‘ತನ್‌ಮೇಗ ಮೆನ್‌ಶೇಬಿತನ್’, ‘ಅಜ್ಜಾರು ಬಂದಾರ್ರಿ’: ಬಂದವರಿಗೂ ಕೇಳುವವರಿಗೂ ಒಟ್ಟಿಗೆ ಗೌರವ. ಊಟ ಮಾಡುತ್ತೀರಾ ಎಂದು ಹಿರಿಯರನ್ನು ಕೇಳಲು ‘ಉಸಗಮಿಶೇಬೀಮಿ?’. ಈ ರೂಪವನ್ನು ನಿಮ್ಮ ಬಗ್ಗೆ ಎಂದೂ ಬಳಸಬೇಡಿ. ‘ನಾನು ದಯಮಾಡಿಸಿದೆ’ ಎಂದಂತಾಗುತ್ತದೆ.

ನಮಸ್ಕಾರಕ್ಕೆ ಗಂಡಸರು ‘ಹೈಸಾಯ್’, ಹೆಂಗಸರು ‘ಹೈತಾಯ್’. ಹಿರಿಯರು ಕರೆದರೆ ‘ಊ’ ಎಂದು ಓಗೊಡಿ. ‘ಈ’ ಎನ್ನುವುದು ಸರೀಕರಿಗೆ, ಕಿರಿಯರಿಗೆ. ಮಾತಿನ ನಡುವೆ ರೂಪ ನೆನಪಾಗದಿದ್ದರೆ ಬರಿಯ ರೂಪಕ್ಕೆ ಇಳಿಯದೆ ಜಪಾನಿಯ ಮರ್ಯಾದೆಯ ರೂಪವಾದ ‘ಮಸು’ವಿಗೆ ಹೊರಳಿ, ಯಾರೂ ತಪ್ಪು ತಿಳಿಯುವುದಿಲ್ಲ.