ಹುಲ್ಲುಹಾಸಿನ ಅಡಿಯ ಗಟ್ಟಿ ಪದರ ಒಡೆದ ಮೇಲೆ

ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ತೋಟವಿದು. ಮಳೆ ಬಂದರೆ ಎರಡು ದಿನ ನೀರು ಹುಲ್ಲಿನ ಮೇಲೆಯೇ ನಿಲ್ಲುತ್ತಿತ್ತು. ಈಗ ಮೂರು ತಾಸಿನೊಳಗೆ ಇಂಗುತ್ತದೆ. 'ಇದು ಜೇಡಿ, ಇಲ್ಲಿ ನೀರು ಇಂಗುವ ಮಾತೇ ಇಲ್ಲ, ಪೈಪ್ ಹಾಕಿ ಚರಂಡಿಗೆ ಬಿಡಿ' ಎಂದಿದ್ದ ಸಮಿತಿಯ ಖಜಾಂಚಿಯವರೇ ಮೊನ್ನೆ ಫೋಟೊ ಕಳಿಸಿದ್ದರು.

ಪೈಪ್ ಕೆಲಸಕ್ಕೆ ಬೇರೊಬ್ಬರು ಹೇಳಿದ್ದ ದರ ಸುಮಾರು ನಾಲ್ಕು ಲಕ್ಷ. ಅದಕ್ಕೂ ಮೊದಲು ಯಾರೋ ಅರವತ್ತು ಸಾವಿರ ತೆಗೆದುಕೊಂಡು ಜಲ್ಲಿ ತುಂಬಿದ ಇಂಗುಗುಂಡಿ ಮಾಡಿಕೊಟ್ಟಿದ್ದರು. ಹೂಳು ತಡೆಯುವ ತೊಟ್ಟಿಯೇ ಇರಲಿಲ್ಲ, ಒಂದೇ ಮಳೆಗಾಲಕ್ಕೆ ಜಲ್ಲಿಯ ಸಂದುಗಳೆಲ್ಲ ಕೆಸರಿನಿಂದ ಮುಚ್ಚಿಹೋದವು. ಇನ್ನೊಬ್ಬರು ಮೇಲ್ಮಣ್ಣಿಗೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸುವ ಮರಳು, ಬೆರೆಸಿದ್ದರು. ಜೇಡಿಗೆ ಅಷ್ಟಿಷ್ಟು ಮರಳು ಸೇರಿಸಿದರೆ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂದು ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಲ್ಲಿ ಪಿಕಾಸಿ ಕೂಡ ಇಳಿಯುತ್ತಿರಲಿಲ್ಲ.

ನಾನು ಮೊದಲು ಮಾಡಿದ್ದು ಒಂದು ಗುಂಡಿ ತೆಗೆದು ಅದರ ಗೋಡೆ ನೋಡಿದ್ದು. ಮೇಲೆ ಎರಡು ಇಂಚು ಕೆಂಪು ಮಣ್ಣು. ಅದರಡಿ ಏಳೆಂಟು ಇಂಚು ಇಟ್ಟಿಗೆ ಚೂರು, ಟೈಲ್ಸ್, ಒಣಗಿದ ಸಿಮೆಂಟ್, ಎಲ್ಲವೂ ರೋಲರ್ ಹೊಡೆದು ಚಪ್ಪಟೆಯಾಗಿದ್ದವು. ಹುಲ್ಲಿನ ಬೇರುಗಳು ಅಲ್ಲಿಗೆ ಬಂದು ಅಡ್ಡಡ್ಡ ಮಲಗಿದ್ದವು. ಆ ಪದರ ಒಡೆದು ನೋಡಿದರೆ ಕೆಳಗೆ ಹಳೆಯ ಹೊಲದ ಮಣ್ಣು, ಎರೆಹುಳುವಿನ ರಂಧ್ರಗಳು ಹಾಗೇ ಇದ್ದವು. ಜೇಡಿಯ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ದರು. ಚೆನ್ನಾಗಿ ನೆನೆಸಿದ ಮೇಲೆ ಅಳೆದಾಗ ಪದರದ ಮೇಲೆ ತಾಸಿಗೆ ಅರ್ಧ ಇಂಚೂ ಇಳಿಯದ ನೀರು, ಕೆಳಗಿನ ಮಣ್ಣಿನಲ್ಲಿ ಮೂರು ಇಂಚಿನ ಹತ್ತಿರ ಇಳಿಯಿತು.

ಆ ಪದರಕ್ಕೆ ಕುಳಿ ಕೊರೆದು ನೀರನ್ನು ಕೆಳಗಿನ ಮಣ್ಣಿಗೆ ಇಳಿಸುವ ಕೆಲಸವನ್ನು ಡಿಸೆಂಬರ್‌ನಲ್ಲಿ ಹಿಡಿದೆವು. ಹಿಂಗಾರು ಮುಗಿದು ಮಣ್ಣು ಹದವಾಗಿರಬೇಕು, ಉಂಡೆ ಕಟ್ಟಿ ಅದುಮಿದರೆ ಪುಡಿಯಾಗಬೇಕು. ಪೆಟ್ರೋಲ್ ಯಂತ್ರದಲ್ಲಿ ಕೊರೆಯಲು ಹೋದರೆ ಟೈಲ್ಸ್ ಚೂರುಗಳಿಗೆ ಸಿಕ್ಕಿ ಬಿಟ್ ನಿಂತುಬಿಡುತ್ತದೆ, ಸಿಕ್ಕದಿದ್ದಲ್ಲಿ ಕುಳಿಯ ಗೋಡೆಯನ್ನು ಸವರಿ ನುಣುಪಾಗಿಸುತ್ತದೆ. ನುಣುಪಾದ ಜೇಡಿಯೊಳಗೆ ನೀರು ನುಗ್ಗುವುದಿಲ್ಲ. ಹಾರೆಯೇ ಸರಿ. ನಾಲ್ಕಡಿಗೊಂದರಂತೆ, ಎರಡೂವರೆ ಅಡಿ ಆಳದ ಕುಳಿ, ಗೋಡೆಯನ್ನೆಲ್ಲ ಒರಟಾಗಿ ಗೀರಿ, ಇಟ್ಟಿಗೆ ಚೂರು, ಒಣಗಿದ ಎಲೆ, ಕಾಂಪೋಸ್ಟ್ ತುಂಬಿದೆವು. ಮತ್ತೊಂದು ಪದಾರ್ಥವೂ ಸೇರುತ್ತದೆ, ಅದು ಯಾವುದು, ಎಷ್ಟು ಎಂಬುದು ನನ್ನ ಹೊಟ್ಟೆಪಾಡು. ಮರಗಳ ನೆರಳಿನಡಿ ಮಾತ್ರ ಕೊರೆಯಲಿಲ್ಲ, ಅಡಿಪಾಯದಿಂದ ಹತ್ತಡಿ ದೂರ ಬಿಟ್ಟೆವು. ಕೂಲಿ, ಗೊಬ್ಬರ, ಛಾವಣಿ ಪೈಪಿನ ಬಾಯಿಗೆ ಹೂಳಿನ ತೊಟ್ಟಿ, ಎಲ್ಲ ಸೇರಿ ಒಂದು ಲಕ್ಷ ಮೂವತ್ತರ ಆಸುಪಾಸು ಆಯಿತು.

ಒಂದು ಮೂಲೆಯಲ್ಲಿ ಕುಳಿ ತೆಗೆಯದೆ ಬರೀ ಲಾವಂಚ ನೆಟ್ಟು ನೋಡಿದೆ, ಅದರ ಬೇರು ತಾನೇ ದಾರಿ ಮಾಡಿಕೊಳ್ಳುತ್ತದೆ ಎಂದು ಅನೇಕರು ಹೇಳುತ್ತಾರೆ. ವರ್ಷವಾದರೂ ಆ ಪದರವನ್ನು ದಾಟಿರಲಿಲ್ಲ. ಪಕ್ಕದಲ್ಲೇ ಕುಳಿಯೊಳಗೆ ನೆಟ್ಟಿದ್ದು ಮಾತ್ರ ಸೀದಾ ಕೆಳಗಿಳಿದಿತ್ತು. ತೊಟ್ಟಿಯಲ್ಲಿ ಜಾಲರಿಯ ಮೇಲೆ ತೆಂಗಿನ ನಾರು ಹಾಸಿದ್ದು ಚೆನ್ನಾಗಿ ಸೋಸಿತು, ಆದರೆ ಪ್ರತಿ ಎರಡು ಮಳೆಗೊಮ್ಮೆ ತೊಳೆಯುವವರು ಯಾರು?

ತೋಟ ಸುಮಾರು ಮೂರು ಸಾವಿರ ಚದರಡಿ. 50 ಮಿಲಿಮೀಟರ್ ಮಳೆ ಬಿದ್ದರೆ ತೋಟದ ಮೇಲೆಯೇ 14,000 ಲೀಟರ್, ಅದಕ್ಕೆ ಛಾವಣಿಯ ನೀರೂ ಸೇರುತ್ತದೆ. ಅಷ್ಟನ್ನು ಸಂಭಾಳಿಸುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಒಂದೇ ದಿನ 130 ಮಿಲಿಮೀಟರ್ ಸುರಿಯಿತಲ್ಲ, ಅಂಥದ್ದಕ್ಕೆ ಸಾಲದು. ಹೆಚ್ಚುವರಿ ನೀರು ಹೋಗುವ ಪೈಪ್ ಉಳಿಸಿಕೊಂಡಿದ್ದೇನೆ.

ಈಗ ಪಾರ್ಕಿಂಗ್ ಜಾಗಕ್ಕೂ ಇದನ್ನೇ ಮಾಡಿಕೊಡಿ ಎನ್ನುತ್ತಿದ್ದಾರೆ. ಅದರಡಿ ಇರುವುದು ನೆಲಮಾಳಿಗೆಯ ಛಾವಣಿ, ಎಷ್ಟು ಕೊರೆದರೂ ಇಂಗಲು ಮಣ್ಣೇ ಇಲ್ಲ ಎಂದು ಹೇಳಿ ಬಂದೆ. ಕಾಂಪೌಂಡ್ ಪಕ್ಕದ ಪಟ್ಟಿಗೆ ಮಾತ್ರ ಬರುವ ಡಿಸೆಂಬರ್‌ಗೆ ದರ ಕೊಟ್ಟಿದ್ದೇನೆ. ಈ ಸಲ ಚೌಕಾಸಿ ಇಲ್ಲ.